ಮಡಿಕೆ ಬಿರಿಯಿತು, ಮುದ್ರೆ ಹರಡಿತು: ಮನೆಯಲ್ಲೇ ಮಾಡುವ ಕ್ರಿಸ್‌ಮಸ್ ಕಾರ್ಡಿನ ದೋಷ ನಿವಾರಣೆ

ಇಲ್ಲಿ ಹೇಳುತ್ತಿರುವುದು ಎಳೆದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಕಾರ್ಡಿನ ಬಗ್ಗೆ. ಎ3 ಹಾಳೆಯನ್ನು ಉದ್ದಕ್ಕೆ ಎರಡು ಪಟ್ಟಿ ಮಾಡಿದರೆ ಒಂದೊಂದೂ 420 ಮಿ.ಮೀ. ಉದ್ದ, 148 ಮಿ.ಮೀ. ಚಿಲ್ಲರೆ ಎತ್ತರ ಬರುತ್ತದೆ. ಅದನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಅಂತ ಮೂರು ಕಡೆ ಮಡಿಸಿದರೆ 105 ಮಿ.ಮೀ. ಅಗಲದ ನಾಲ್ಕು ಪುಟ ಸಿಗುತ್ತವೆ. ಅವುಗಳ ಮೇಲೆ ರಬ್ಬರಿನಲ್ಲಿ ಕೊರೆದ ಅಚ್ಚಿನಿಂದ ನಕ್ಷತ್ರ, ಗಂಟೆ, ಗೋದಲಿ, ಕುರಿಮರಿ ಒತ್ತುವುದು. ಬೇಕಿದ್ದರೆ ಒಂದು ಮಡಿಕೆಯಲ್ಲಿ ಎದ್ದು ನಿಲ್ಲುವ ಚಿತ್ರ.

ಕೆಲಸ ಕೆಟ್ಟಾಗ ಎಲ್ಲರೂ ಮೊದಲು ಬೈಯುವುದು ಇಂಕಿಗೆ, ಆಮೇಲೆ ಅಚ್ಚಿಗೆ, ಕೊನೆಗೆ ತಮ್ಮ ಕೈಗೆ. ಕಾಗದವನ್ನು ಯಾರೂ ಕೇಳುವುದೇ ಇಲ್ಲ. ನನ್ನ ಪ್ರಕಾರ ಈ ಕಾರ್ಡಿನ ಹೆಚ್ಚಿನ ರೋಗಗಳ ಬೇರು ಕಾಗದದಲ್ಲೇ ಇದೆ. ಹಾಗಾಗಿ ಅದೇ ಕಾಗದದ ತುಂಡುಗಳಿದ್ದರೆ ಎಸೆಯಬೇಡಿ. ಕೆಳಗೆ ಬರುವ ಪ್ರತಿ ಪರೀಕ್ಷೆಗೂ ಅವೇ ಬೇಕು.

ಯಾವ ದೋಷವಾದರೂ ಮೊದಲು ಇದನ್ನು ನೋಡಿ

ಕಾಗದಕ್ಕೆ ಎಳೆ ಇರುತ್ತದೆ. ಮಿಲ್ಲಿನಲ್ಲಿ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಮಷಿನ್ ಓಡುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿಗೆ ಸಮನಾಗಿ ಮಡಿಸಿದರೆ ಕಾಗದ ಮಾತು ಕೇಳುತ್ತದೆ. ಅಡ್ಡಡ್ಡ ಮಡಿಸಿದರೆ ನಾರುಗಳೇ ಮುರಿಯಬೇಕಾಗುತ್ತದೆ.

ಎಳೆ ಯಾವ ಕಡೆ ಇದೆ ಅಂತ ತಿಳಿಯಲು ಖರ್ಚೇನೂ ಇಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಗೆರೆ ಬೀಳದಂತೆ ಅರ್ಧಕ್ಕೆ ಬಗ್ಗಿಸಿ, ಉಬ್ಬಿದ ಕಡೆ ಅಂಗೈಯಿಂದ ಮೆಲ್ಲಗೆ ಒತ್ತಿ. ಆಮೇಲೆ ಹಾಳೆ ತಿರುಗಿಸಿ ಇನ್ನೊಂದು ದಿಕ್ಕಿಗೆ ಹಾಗೇ ಮಾಡಿ. ಒಂದು ಕಡೆ ಅಂಗೈಯನ್ನು ಹಿಂದಕ್ಕೆ ತಳ್ಳುತ್ತದೆ, ಇನ್ನೊಂದು ಕಡೆ ಸುಲಭವಾಗಿ ಬಗ್ಗುತ್ತದೆ. ಸುಲಭವಾಗಿ ಬಗ್ಗಿದಾಗ ಬಾಗಿನ ಉಬ್ಬು ಉದ್ದಕ್ಕೆ ಯಾವ ಕಡೆ ಇತ್ತೋ ಅದೇ ಎಳೆಯ ದಿಕ್ಕು. ಚಿಕ್ಕ ತುಂಡಾದರೆ ಕೈಗೆ ಗೊತ್ತಾಗುವುದಿಲ್ಲ. ಆಗ ತುಂಡಿನ ಒಂದು ಮುಖಕ್ಕೆ ಮಾತ್ರ ಒದ್ದೆ ಬಟ್ಟೆ ಸವರಿ. ಅದು ಕೊಳವೆಯ ಹಾಗೆ ಸುರುಳಿಕೊಳ್ಳುತ್ತದೆ. ಕೊಳವೆ ಉದ್ದಕ್ಕೆ ಯಾವ ಕಡೆ ಇದೆಯೋ ಎಳೆಯೂ ಆ ಕಡೆಗೇ.

ಗೊತ್ತಾದ ಕೂಡಲೇ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬಾಣದ ಗುರುತು ಹಾಕಿಬಿಡಿ. ಇದನ್ನು ಬರೆದಿಟ್ಟುಕೊಂಡವರಿಗೆ ಮುಂದಿನ ಅರ್ಧ ತಲೆನೋವು ಬರುವುದಿಲ್ಲ.

ಮಡಿಸಿದ ಕಡೆ ಬಿರುಕು, ಬಿಳಿ ನಾರು ಕಾಣುತ್ತಿದೆ

ಕೆಂಪು ಚಾರ್ಟ್ ಶೀಟಿನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಮಡಿಕೆಯ ಏಣಿನ ಮೇಲೆ ಸಣ್ಣ ಸಣ್ಣ ಬಿಳಿ ಗೀಟು, ಹತ್ತಿರದಿಂದ ನೋಡಿದರೆ ಹತ್ತಿಯಂತೆ ಎದ್ದ ನಾರು. ಬಣ್ಣ ಬರೀ ಮೇಲ್ಪದರದಲ್ಲಿದ್ದರೆ, ಒಳಗಿನ ಬಿಳಿ ಹೊಟ್ಟೆ ಹೀಗೆ ಬಿರಿದಾಗ ಹೊರಗೆ ಬರುತ್ತದೆ.

ಗೀರು ಹಾಕದೇ, ಅಂದರೆ ಮಡಿಕೆಯ ಜಾಗದಲ್ಲಿ ಮೊದಲು ಒತ್ತಿ ಗೆರೆ ಎಳೆಯದೇ, ಸೀದಾ ಮಡಿಸಿದ್ದೀರಾ? 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ದಾಟಿದ ಯಾವ ಕಾಗದವನ್ನೂ ಗೀರು ಇಲ್ಲದೆ ಮಡಿಸಬಾರದು. ಅದಕ್ಕೆ ವಿಶೇಷ ಸಾಮಾನು ಬೇಡ. ರೀಫಿಲ್ ಖಾಲಿಯಾದ ಬಾಲ್ ಪೆನ್ ಸಾಕು. ಹಾಳೆಯ ಕೆಳಗೆ ಹಳೆಯ ನೋಟ್‌ಬುಕ್ ಇಟ್ಟು, ಸ್ಟೀಲ್ ಸ್ಕೇಲ್ ಹಿಡಿದು, ಒಂದೇ ಒತ್ತಡದಲ್ಲಿ ಎರಡು ಸಲ ಎಳೆಯಿರಿ. ಕಟರಿನಿಂದ ಅರ್ಧ ಕೊಯ್ದು ಮಡಿಸುವವರಿದ್ದಾರೆ. ಅಂದ ಕಾಣುತ್ತದೆ, ಆದರೆ ನಾಲ್ಕು ಸಲ ತೆರೆದು ಮುಚ್ಚಿದರೆ ಪುಟ ಕೈಗೇ ಬರುತ್ತದೆ. ಬೇಡ.

ಗೀರು ಹಾಕಿಯೂ ಬಿರಿದರೆ, ಮಡಿಸಿದ್ದು ಯಾವ ಕಡೆಗೆ ಅಂತ ನೋಡಿ. ಗೀರು ಎಳೆದಾಗ ಮೇಲೆ ತಗ್ಗು, ಕೆಳಗೆ ಸಣ್ಣ ಉಬ್ಬು ಮೂಡುತ್ತದೆ. ದಪ್ಪ ಕಾಗದದಲ್ಲಿ ಆ ಉಬ್ಬು ಮಡಿಕೆಯ ಒಳಗೆ ಹೋಗಬೇಕು, ತಗ್ಗು ಹೊರಗಿರಬೇಕು. ಎಲ್ಲರ ಕೈಯೂ ಇದಕ್ಕೆ ಉಲ್ಟಾ ಹೋಗುತ್ತದೆ, ಯಾಕೆಂದರೆ ತಗ್ಗಿನ ಕಡೆಗೆ ಮಡಿಸುವುದೇ ಸಹಜ ಅನಿಸುತ್ತದೆ. ಈ ಕಾರ್ಡಿನಲ್ಲಿ ಮಡಿಕೆಗಳು ಹಿಂದೆ, ಮುಂದೆ ಅಂತ ಬದಲಾಗುವುದರಿಂದ ನಡುವಿನ ಗೀರನ್ನು ಹಾಳೆಯ ಹಿಂಬದಿಯಿಂದ ಎಳೆಯಬೇಕಾಗುತ್ತದೆ. ಮೂರನ್ನೂ ಒಂದೇ ಮುಖದಿಂದ ಎಳೆದಿದ್ದರೆ ಒಂದೋ ಎರಡೋ ಮಡಿಕೆ ಮಾತ್ರ ಬಿರಿದಿರುತ್ತದೆ. ಹಾಗಿದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ.

ಮೂರೂ ಬಿರಿದಿದ್ದರೆ ಎಳೆ ಅಡ್ಡ ಇದೆ. ಎ3 ಹಾಳೆಗಳಲ್ಲಿ ಎಷ್ಟೋ ಸಲ ಎಳೆ ಉದ್ದಕ್ಕೇ ಇರುತ್ತದೆ. ನಮ್ಮ ಮಡಿಕೆಗಳು ಆ ಉದ್ದಕ್ಕೆ ಅಡ್ಡ ಬರುತ್ತವೆ. ಅಂದರೆ ಈ ಕಾರ್ಡಿನ ಅಳತೆಯಲ್ಲೇ ತೊಂದರೆ ಅಡಗಿದೆ. ಇದಕ್ಕೆ ದಾರಿ, ಎ3 ಬಿಟ್ಟು 22 ಇಂಚು 28 ಇಂಚಿನ ದೊಡ್ಡ ಶೀಟ್ ತರುವುದು. ಅದರಲ್ಲಿ 420 ಮಿ.ಮೀ. ಪಟ್ಟಿ ಎರಡೂ ದಿಕ್ಕಿಗೆ ಹಿಡಿಸುತ್ತದೆ, ಎಳೆ ನೋಡಿಕೊಂಡು ಬೇಕಾದ ಕಡೆ ಕತ್ತರಿಸಬಹುದು. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರೆ ಬೇಡ ಅನ್ನಿ. ಬಿಸಿಲಲ್ಲಿ ಮನೆಗೆ ತರುವಷ್ಟರಲ್ಲಿ ಸುರುಳಿ ಗಟ್ಟಿಯಾಗಿ ಕೂತುಬಿಡುತ್ತದೆ.

ಆಗಲೇ ಬಿರಿದ ಕಾರ್ಡನ್ನು ಉಳಿಸಬಹುದು. ಅದೇ ಬಣ್ಣದ ಕಲರ್ ಪೆನ್ಸಿಲನ್ನು ಏಣಿನ ಮೇಲೆ ಅಡ್ಡ ಹಿಡಿದು ಉಜ್ಜಿ. ಸ್ಕೆಚ್ ಪೆನ್ ಹಚ್ಚಿದರೆ ಎದ್ದ ನಾರು ಇಂಕು ಕುಡಿದು ಇನ್ನೂ ಕಪ್ಪಾಗಿ ಕಾಣುತ್ತದೆ.

1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಮಾರಾಟಕ್ಕೆ ಮಾಡಿಸಿದ ಮೊದಲ ಕ್ರಿಸ್‌ಮಸ್ ಕಾರ್ಡಿನಲ್ಲೂ ಮೂರು ಭಾಗದ ಚಿತ್ರವಿತ್ತು. ಆದರೆ ಅದು ಒಂದೇ ಚಪ್ಪಟೆ ತುಂಡು. ಈ ತಲೆನೋವು ಅವರಿಗಿರಲಿಲ್ಲ.

ಕಾರ್ಡ್ ಮುಚ್ಚಿ ಇಟ್ಟರೂ ಬಾಯಿ ಬಿಡುತ್ತದೆ

ಬಿರುಕಿಲ್ಲ, ಆದರೆ ಮೇಜಿನ ಮೇಲಿಟ್ಟರೆ ತಾನಾಗಿಯೇ ಅರ್ಧ ತೆರೆದುಕೊಳ್ಳುತ್ತದೆ. ಮಡಿಕೆಯ ಮೇಲೆ ಬಿಳಿ ಕಾಗದ ಇಟ್ಟು ಚಮಚದ ಹಿಂಬದಿಯಿಂದ ಗಟ್ಟಿಯಾಗಿ ಉಜ್ಜಿ. ಕಾಗದ ಇಡದೇ ಉಜ್ಜಿದರೆ ಅಲ್ಲಿ ಹೊಳಪು ಗೆರೆ ಬೀಳುತ್ತದೆ. ಆಮೇಲೆ ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗಿಡಿ. ಬೆಳಿಗ್ಗೆಯೂ ಬಾಯಿ ಬಿಟ್ಟರೆ ಎಳೆ ಅಡ್ಡ ಇದೆ ಅಥವಾ ಕಾಗದ ದಪ್ಪ ಜಾಸ್ತಿ. 300 ಜಿಎಸ್‌ಎಂ ಶೀಟು ಒಂದೇ ಮಡಿಕೆಯ ಕಾರ್ಡಿಗೆ ಸರಿ. ನಾಲ್ಕು ಪುಟದ ಈ ಕಾರ್ಡಿಗೆ 200ರಿಂದ 220 ಸಾಕು. ದಪ್ಪಗಿದ್ದರೆ ಬೆಲೆಬಾಳುವಂತೆ ಕಾಣುತ್ತದೆ ಅನ್ನುವವರ ಮಾತು ಕೇಳಬೇಡಿ. ಅಂಚೆ ಕಚೇರಿಯ ತಕ್ಕಡಿಯೂ ಅವರ ಮಾತು ಕೇಳುವುದಿಲ್ಲ.

ಮುಚ್ಚಿದಾಗ ಅಂಚುಗಳು ಸಮ ಬರುತ್ತಿಲ್ಲ

ಅಂಚು ಯಾವ ರೀತಿ ತಪ್ಪಿದೆ ಅನ್ನುವುದರಲ್ಲೇ ಉತ್ತರ ಇರುತ್ತದೆ. ಕಾರ್ಡ್ ಮುಚ್ಚಿ, ಮೇಲಿನ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ.

ಪುಟದಿಂದ ಪುಟಕ್ಕೆ ಓರೆ ಜಾಸ್ತಿ ಆಗುತ್ತಾ ಹೋಗಿದ್ದರೆ ಹಾಳೆಯ ಮೂಲೆಯೇ ಸರಿ ಇಲ್ಲ. ಅಂಗಡಿಯಿಂದ ಬಂದ ಹಾಳೆಯ ನಾಲ್ಕೂ ಮೂಲೆ ನೇರ ಇರುತ್ತವೆ ಅಂತ ನಾವು ನಂಬಿಬಿಡುತ್ತೇವೆ. ಮಕ್ಕಳ ಕಂಪಾಸ್ ಬಾಕ್ಸಿನ ತ್ರಿಕೋನ ಪಟ್ಟಿಯನ್ನು ಮೂಲೆಗೆ ಇಟ್ಟು ನೋಡಿ. ಬೆಳಕು ಕಂಡರೆ ಆ ಅಂಚನ್ನು ಕತ್ತರಿಸಿ ನೇರ ಮಾಡಿಕೊಂಡೇ ಅಳತೆ ಶುರು ಮಾಡಿ.

ಒಂದು ಪುಟ ಮಾತ್ರ ಹೊರಗೆ ಚಾಚಿದ್ದರೆ ಆ ಪುಟದ ಅಳತೆ ತಪ್ಪಿದೆ. ಇದಕ್ಕೆ ಸಾಮಾನ್ಯ ಕಾರಣ, ಪ್ರತಿ ಸಲ ಹಿಂದಿನ ಗುರುತಿನಿಂದ 105 ಎಣಿಸುವುದು. ಪೆನ್ಸಿಲ್ ಗೆರೆಯ ದಪ್ಪವೂ ಸೇರಿ ಸೇರಿ ಕೊನೆಯ ಪುಟಕ್ಕೆ 2 ಮಿ.ಮೀ. ವ್ಯತ್ಯಾಸ ಬರುತ್ತದೆ. ಸ್ಕೇಲನ್ನು ಕದಲಿಸದೇ ಎಡ ಅಂಚಿನಿಂದಲೇ 105, 210, 315 ಅಂತ ಮೂರೂ ಗುರುತು ಹಾಕಿ. 30 ಸೆಂ.ಮೀ. ಸ್ಕೇಲು ಇದಕ್ಕೆ ಸಾಲದು. ದೊಡ್ಡ ಸ್ಕೇಲ್ ಇಲ್ಲದಿದ್ದರೆ ಅಳತೆ ಬಿಟ್ಟುಬಿಡಿ. ಮೊದಲು ನಡುವೆ ಮಡಿಸಿ, ಆಮೇಲೆ ಎರಡೂ ತುದಿಗಳನ್ನು ನಡುವಿನ ಮಡಿಕೆಗೆ ತಂದು ಗುರುತು ಮಾಡಿಕೊಳ್ಳಿ.

ಹಿಂದೆ ಮುಂದೆ ಮಡಿಸದೇ, ಪುಟಗಳನ್ನು ಒಂದರೊಳಗೊಂದು ಸುತ್ತುವ ಕಾರ್ಡಾದರೆ ಲೆಕ್ಕ ಬೇರೆ. ಒಳಗೆ ಹೋಗುವ ಪುಟ ಉಳಿದವಕ್ಕಿಂತ 1ರಿಂದ 2 ಮಿ.ಮೀ. ಚಿಕ್ಕದಿರಬೇಕು. ಇಲ್ಲದಿದ್ದರೆ ಮಡಿಕೆಗೆ ಡಿಕ್ಕಿ ಹೊಡೆದು ಉಬ್ಬುತ್ತದೆ.

ಇಪ್ಪತ್ತು ಮೂವತ್ತು ಕಾರ್ಡ್ ಮಾಡಬೇಕಿದ್ದರೆ ಇಷ್ಟೆಲ್ಲ ಒದ್ದಾಟ ಯಾಕೆ? ಮದುವೆ ಕಾರ್ಡ್ ಹಾಕುವ ಪ್ರೆಸ್ಸಿಗೆ ಹೋಗಿ. "ಅಣ್ಣಾ, ಈ ಪಟ್ಟಿಗಳಿಗೆ ಮೂರು ಕ್ರೀಸ್ ಹಾಕಿ ಕೊಡ್ತೀರಾ?" ಅಂತ ಕೇಳಿ. ಕ್ರೀಸ್, ಅಂದರೆ ಮಡಿಕೆಯ ಗೀರು, ಹಾಕುವ ಮಷಿನ್ ಇದ್ದ ಕಡೆ ಅದು ಸ್ವಲ್ಪ ಹೊತ್ತಿನ ಕೆಲಸ. ಅಳತೆ ಹಾಕಿ ಮಡಿಸಿದ ಒಂದು ಮಾದರಿ ಮಾತ್ರ ಕೈಯಲ್ಲಿರಲಿ. ಬಾಯಿಮಾತಿನಲ್ಲಿ ಹೇಳಿದರೆ ಅವರು ಒಂದು ಅಂದುಕೊಳ್ಳುತ್ತಾರೆ, ನೀವು ಒಂದು.

ಒಳಗಿನ ಎದ್ದು ನಿಲ್ಲುವ ಚಿತ್ರ ಹೊರಗೆ ಇಣುಕುತ್ತಿದೆ

ಮಡಿಕೆಯ ಮೇಲೆ ಎರಡು ಕಡೆ ಕತ್ತರಿ ಹಾಕಿ, ನಡುವಿನ ಪಟ್ಟಿಯನ್ನು ಒಳಗೆ ತಳ್ಳಿದರೆ ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ. ಅದಕ್ಕೆ ನಕ್ಷತ್ರವನ್ನೋ ಗೋದಲಿಯನ್ನೋ ಅಂಟಿಸುತ್ತೇವೆ. ತೆರೆದಾಗ ಚೆಂದ. ಮುಚ್ಚಿದಾಗ ನಕ್ಷತ್ರದ ಮೂಲೆ ಹೊರಗೆ ಬಂದಿರುತ್ತದೆ.

ಮಡಿಸಿದ ಪುಟಕ್ಕೆ ನೀವು 40 ಮಿ.ಮೀ. ಕತ್ತರಿ ಹಾಕಿದ್ದರೆ, ಮುಚ್ಚಿದಾಗ ಆ ಮೆಟ್ಟಿಲಿನ ತುದಿ ಮಡಿಕೆಯಿಂದ 80 ಮಿ.ಮೀ. ದೂರ ಬರುತ್ತದೆ. ಸರಿಯಾಗಿ ಎರಡರಷ್ಟು. ನಮ್ಮ ಪುಟದ ಅಗಲ 105. ಹಾಗಾಗಿ ಕತ್ತರಿ 52 ದಾಟುವಂತೆಯೇ ಇಲ್ಲ, ಮತ್ತು ಚಿತ್ರ ಮೆಟ್ಟಿಲಿನಿಂದ ಮುಂದೆ ಎಷ್ಟು ಚಾಚುತ್ತದೋ ಅದನ್ನೂ ಕಳೆಯಬೇಕು. 35 ಮಿ.ಮೀ. ಹಾಕಿದರೆ ನೆಮ್ಮದಿ. ಆಗಲೇ ಜಾಸ್ತಿ ಕತ್ತರಿಸಿದ್ದರೆ, ಇಣುಕುವ ಚಿತ್ರವನ್ನು ಕಿತ್ತು ಹಿಂದಕ್ಕೆ ಸರಿಸಿ ಅಂಟಿಸಿ. ಮೆಟ್ಟಿಲೇ ಹೊರಗೆ ಬರುತ್ತಿದ್ದರೆ ಆ ಪುಟ ಉಳಿಯುವುದಿಲ್ಲ.

ಎದ್ದು ನಿಲ್ಲದೇ ಚಪ್ಪಟೆಯಾಗಿ ಮಲಗಿದ್ದರೆ ಮೆಟ್ಟಿಲಿನ ಬುಡಗಳಿಗೆ ಗೀರು ಹಾಕಿಲ್ಲ. ಮುಂದಿನ ಏಣನ್ನು ಮಾತ್ರ ಮಡಿಸಿ ಬುಡ ಮರೆಯುವುದು ಎಲ್ಲರಿಗೂ ಆಗುವಂಥದ್ದೇ.

ಕಟರ್ ಹಿಡಿದಾಗ ಎರಡು ಮಾತು. ಪ್ಲಾಸ್ಟಿಕ್ ಸ್ಕೇಲಿನ ಮೇಲೆ ಬ್ಲೇಡು ಹತ್ತಿ ಬೆರಳಿಗೆ ಬರುತ್ತದೆ, ಸ್ಟೀಲ್ ಸ್ಕೇಲೇ ಬೇಕು. ಮೊಂಡು ಬ್ಲೇಡು ಹೊಸದಕ್ಕಿಂತ ಅಪಾಯ, ಯಾಕೆಂದರೆ ಬಲ ಹಾಕುತ್ತೀರಿ. ತುದಿ ಮುರಿದು ಹೊಸದು ಮಾಡಿಕೊಳ್ಳಿ, ಮುರಿದ ಚೂರನ್ನು ಹಳೇ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಚಿಕ್ಕ ಮಕ್ಕಳಿಗೆ ಮುದ್ರೆ ಒತ್ತುವ ಕೆಲಸ ಕೊಡಿ, ಕೊಯ್ಯುವ ಕೆಲಸ ಬೇಡ. ಕೈ ಕೊಯ್ದರೆ ಸ್ವಚ್ಛ ಬಟ್ಟೆಯಿಂದ ಬಿಡದೇ ಒತ್ತಿ ಹಿಡಿಯಿರಿ. 10 ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಗಾಯ ಆಳ ಇದ್ದರೆ, ಬೆರಳಿಗೆ ಜೋಮು ಬಂದರೆ ಆಸ್ಪತ್ರೆಗೆ ಹೊರಡಿ.

ಮುದ್ರೆ ಅರ್ಧಂಬರ್ಧ ಬೀಳುತ್ತಿದೆ

ಮೊದಲು ಮೇಜು ನೋಡಿ. ಕಡಪ ಕಲ್ಲು, ಗ್ರಾನೈಟ್, ಗಾಜು, ಇವೆಲ್ಲ ಗಟ್ಟಿ. ಅಚ್ಚಿನ ಮುಖದಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ತಗ್ಗಿನ ಜಾಗ ಕಾಗದ ಮುಟ್ಟುವುದಿಲ್ಲ. ಕಾಗದದ ಕೆಳಗೆ ಎಂಟು ಹತ್ತು ಹಾಳೆ ನ್ಯೂಸ್ ಪೇಪರ್ ಇಡಿ. ಅಷ್ಟಕ್ಕೇ ಮುದ್ರೆ ಪೂರ್ತಿ ಬಂದರೆ ಕೆಲಸ ಮುಗಿಯಿತು.

ಬರಲಿಲ್ಲವೇ? ಅದೇ ಅಚ್ಚನ್ನು ನಾಲ್ಕೈದು ಸಲ ತುಂಡು ಕಾಗದದ ಮೇಲೆ ಒತ್ತಿ, ಮುದ್ರೆಗಳನ್ನು ಸಾಲಾಗಿ ಇಟ್ಟು ನೋಡಿ. ಪ್ರತಿ ಸಲ ಒಂದೇ ಜಾಗ ಬಿಟ್ಟುಹೋದರೆ ದೋಷ ಅಚ್ಚಿನಲ್ಲಿದೆ. ಬೇರೆ ಬೇರೆ ಜಾಗ ಬಿಟ್ಟರೆ ದೋಷ ಕೈಯ ಒತ್ತಡದ್ದು ಅಥವಾ ಇಂಕಿನ ಪ್ಯಾಡಿನದು. ನಡುವೆ ಮಸುಕು, ಸುತ್ತ ಕಪ್ಪು ಬಂದರೆ ಅಚ್ಚನ್ನು ಪ್ಯಾಡಿಗೆ ಜೋರಾಗಿ ಅದುಮಿದ್ದೀರಿ. ಪ್ಯಾಡನ್ನು ಅಚ್ಚಿಗೆ ಮೆಲ್ಲಗೆ ತಟ್ಟಿ. ಹೌದು, ಅಚ್ಚನ್ನು ಮೇಲ್ಮುಖ ಮಾಡಿ ಕೈಯಲ್ಲಿ ಹಿಡಿದು, ಪ್ಯಾಡನ್ನೇ ಅದರ ಮೇಲೆ ತಟ್ಟುವುದು. ಆಗ ಇಂಕು ಎಲ್ಲಿ ಹತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ.

ಹೊಸ ರಬ್ಬರಿನ ಮೇಲೆ ಇಂಕು ಮಣಿಮಣಿಯಾಗಿ ನಿಂತರೆ ಅದರ ಮೈ ನುಣುಪು. ಮೆತ್ತಗಿನ ಉಪ್ಪುಕಾಗದವನ್ನು ಮೇಜಿನ ಮೇಲಿಟ್ಟು ಅಚ್ಚನ್ನು ಅದರ ಮೇಲೆ ಎರಡು ಸುತ್ತು ತಿರುಗಿಸಿ, ಪುಡಿ ಒರೆಸಿ. ಏರುಪೇರಿಗೂ ಇದೇ ಮದ್ದು.

ಇನ್ನು ಪ್ಯಾಡು. ಡಿಸೆಂಬರಿನಲ್ಲಿ ನಮ್ಮ ಕಡೆ ಗಾಳಿ ಒಣ. ಫ್ಯಾನ್ ಕೆಳಗೆ ಪ್ಯಾಡ್ ತೆರೆದಿಟ್ಟು ಮಾತಾಡುತ್ತಾ ಕೂತರೆ ಮೇಲ್ಪದರ ಒಣಗುತ್ತದೆ. ಒತ್ತುವಾಗ ಮಾತ್ರ ತೆರೆಯಿರಿ. ಪ್ಯಾಡಿನ ಮೇಲೆ ಬೆರಳಾಡಿಸಿದಾಗ ತರಿತರಿ ಅನಿಸಿದರೆ ಅದು ದೂಳು. ಸಂಡೂರು, ತೋರಣಗಲ್ಲು ಕಡೆಯ ಮನೆಗಳಲ್ಲಿ ಅದಿರಿನ ಕೆಂಪು ದೂಳು ಎಲ್ಲಿ ಕೂರುವುದಿಲ್ಲ ಹೇಳಿ. ಸೆಲೋ ಟೇಪನ್ನು ಅಂಟು ಮುಖ ಕೆಳಗೆ ಮಾಡಿ ಮೆಲ್ಲಗೆ ತಾಗಿಸಿ ಎತ್ತಿದರೆ ದೂಳು ಅದಕ್ಕೆ ಬರುತ್ತದೆ. ಒಣಗಿದ ಪ್ಯಾಡಿಗೆ ಅದೇ ಕಂಪನಿಯ ಇಂಕು ಹನಿ ಹನಿಯಾಗಿ ಹಾಕಿ. ನೀರು, ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಯಾವುದೂ ಬೇಡ. ಎಣ್ಣೆ ಹಾಕಿದ ಪ್ಯಾಡಿನ ಮುದ್ರೆಯ ಸುತ್ತ ಹಳದಿ ಜಿಡ್ಡಿನ ಕಲೆ ಹಬ್ಬುತ್ತದೆ, ಮತ್ತೆ ಹೋಗುವುದಿಲ್ಲ.

ಚಿತ್ರದ ಸುತ್ತ ಬೇಡದ ಗೀಟುಗಳು ಬಂದರೆ, ಕೊರೆದ ತಗ್ಗಿನ ತಳ ಇಂಕು ಹಿಡಿಯುತ್ತಿದೆ. ಇನ್ನಷ್ಟು ಆಳ ಕೊರೆಯಿರಿ, ಅಚ್ಚಿನ ನಾಲ್ಕು ಮೂಲೆ ಕತ್ತರಿಸಿ ದುಂಡಗೆ ಮಾಡಿ. ಮುದ್ರೆ ಎರಡೆರಡು ಕಂಡರೆ ಒತ್ತುವಾಗ ಅಚ್ಚು ಅಲ್ಲಾಡಿದೆ. ಸೀದಾ ಇಳಿಸಿ, ಸೀದಾ ಎತ್ತಿ.

ಇಂಕು ಹರಡುತ್ತಿದೆ, ಅಥವಾ ಒಣಗುತ್ತಲೇ ಇಲ್ಲ

ಇವೆರಡೂ ಎದುರುಬದುರು ದೋಷಗಳು. ಆದರೆ ಕಾರಣ ಒಂದೇ, ಕಾಗದದ ಮೈ.

ನಕ್ಷತ್ರದ ಚೂಪು ತುದಿಗಳಲ್ಲಿ ಸಣ್ಣ ಬೇರು ಬಿಟ್ಟಂತೆ ಇಂಕು ಓಡಿದ್ದರೆ ಕಾಗದ ಇಂಕನ್ನು ಕುಡಿಯುತ್ತಿದೆ. ಅಗ್ಗದ ಚಾರ್ಟ್ ಶೀಟ್, ಒರಟು ಕೈಕಾಗದ ಹೀಗೆ ಮಾಡುತ್ತವೆ. ಪರೀಕ್ಷೆಗೆ ತುಂಡಿನ ಮೇಲೆ ಒಂದು ಹನಿ ನೀರು ಬಿಡಿ. ಕೂಡಲೇ ಹೀರಿದರೆ ಅದರ ಮೇಲೆ ನೀರಿನಂಥ ಇಂಕು ನಿಲ್ಲುವುದಿಲ್ಲ. ಅಂಥ ಕಾಗದಕ್ಕೆ ಇಂಕು ಕಡಿಮೆ ಮಾಡಿ. ಹಚ್ಚಿದ ಮೇಲೆ ಒಮ್ಮೆ ರದ್ದಿ ಕಾಗದಕ್ಕೆ ಒತ್ತಿ, ಎರಡನೇ ಮುದ್ರೆಯನ್ನು ಕಾರ್ಡಿಗೆ ಹಾಕಿ. ಸಾಲದಿದ್ದರೆ ಗಟ್ಟಿ ಬಣ್ಣದ ಪಿಗ್ಮೆಂಟ್ ಪ್ಯಾಡ್ ತನ್ನಿ. ಇನ್ನೊಂದು ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಮುದ್ರೆಯನ್ನು ಒಳ್ಳೆಯ ನುಣುಪು ಬಿಳಿ ಕಾಗದದ ಮೇಲೆ ಹಾಕಿ, ಕತ್ತರಿಸಿ, ಚಾರ್ಟಿನ ಮೇಲೆ ಅಂಟಿಸುವುದು. ಮುದ್ರೆ ಕೆಟ್ಟರೆ ಚಿಕ್ಕ ತುಂಡು ಹೋಯಿತು, ಕಾರ್ಡ್ ಉಳಿಯಿತು.

ಮುಟ್ಟಿದರೆ ಬೆರಳಿಗೆ ಹತ್ತುತ್ತಿದೆಯಾ? ಹಾಗಾದರೆ ಕಾಗದ ಹೊಳಪಿನದು. ಐವರಿ ಶೀಟಿನ ಎರಡೂ ಮುಖ ಒಂದೇ ಥರ ಇಲ್ಲದಿರಬಹುದು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಮಂಕಾದ ಮುಖದ ಮೇಲೆ ಒತ್ತಿ ನೋಡಿ. ಆಫೀಸಿನ ನೇರಳೆ ಸ್ಟ್ಯಾಂಪ್ ಪ್ಯಾಡಿನ ಇಂಕು ಬೇಗ ಒಣಗಬಾರದು ಅಂತಲೇ ಮಾಡಿದ್ದು. ಕಾಗದ ಹೀರಿಕೊಂಡರೆ ಮಾತ್ರ ಅದು ಒಣಗಿದಂತೆ. ಹೊಳಪು ಕಾಗದದ ಮೇಲೆ ಅದು ಮರುದಿನವೂ ಹಸಿಯಾಗಿರುತ್ತದೆ. ಅದನ್ನು ಸರಿ ಮಾಡಲು ಹೋಗಬೇಡಿ, ಕಾಗದ ಬದಲಿಸಿ.

ಒಣಗಿಸುವ ಅವಸರದಲ್ಲಿ ಗ್ಯಾಸ್ ಒಲೆ, ಮೇಣದಬತ್ತಿ ಹತ್ತಿರ ಕಾರ್ಡ್ ಹಿಡಿಯುವವರಿದ್ದಾರೆ. ಬೇಡವೇ ಬೇಡ. ಕಾಗದಕ್ಕೆ ಬೆಂಕಿ ಹತ್ತಲು ಹೊತ್ತು ಬೇಕಿಲ್ಲ. ಹೇರ್ ಡ್ರೈಯರ್ ಇದ್ದರೆ ದೂರದಿಂದ ಹಿಡಿಯಿರಿ. ಬಿಸಿಲಿಗೆ ಇಟ್ಟರೆ ಇಂಕು ಒಣಗುತ್ತದೆ, ಜೊತೆಗೆ ಕಾಗದವೂ ಹಪ್ಪಳದಂತೆ ಸೊಟ್ಟಗಾಗುತ್ತದೆ. ನೆರಳಲ್ಲಿ, ಪುಟಗಳನ್ನು ಬಿಚ್ಚಿ ನಿಲ್ಲಿಸಿ ಬಿಡಿ. ಪೂರ್ತಿ ಒಣಗುವ ಮೊದಲು ಮಡಿಸಿದರೆ ಎದುರು ಪುಟದ ಮೇಲೆ ನೆರಳಿನಂತೆ ಎರಡನೇ ಮುದ್ರೆ ಬೀಳುತ್ತದೆ.

ಕನ್ನಡ ಅಕ್ಷರ ತಿರುಗಾಮುರುಗಾ, ಒತ್ತಕ್ಷರ ಮಾಯ

ಶುಭಾಶಯವನ್ನು ರಬ್ಬರಿನ ಮೇಲೆ ಸೀದಾ ಬರೆದು ಕೊರೆದರೆ ಮುದ್ರೆ ಕನ್ನಡಿಯಲ್ಲಿ ನೋಡಿದಂತೆ ಬರುತ್ತದೆ. ತಿರುಗಿಸಿ ಬರೆಯುವ ಸಾಹಸ ಬೇಡ. ಬಟರ್ ಪೇಪರಿನ ಮೇಲೆ ಮೆತ್ತಗಿನ ಪೆನ್ಸಿಲಿನಿಂದ ಸೀದಾ ಬರೆಯಿರಿ. ಬರೆದ ಮುಖವನ್ನು ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜಿ. ಅಕ್ಷರ ತಾನೇ ತಿರುಗಿ ಕೂರುತ್ತದೆ.

ಕನ್ನಡದಲ್ಲಿ ಇನ್ನೊಂದು ಪೇಚಾಟ. "ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು" ಅನ್ನುವ ಸಾಲಿನಲ್ಲಿ "ಕ್ರಿ"ಯ ಕೆಳಗಿನ ಒತ್ತು, "ಬ್ಬ"ದ ಒತ್ತು ಎರಡೂ ಸಣ್ಣವು, ಮೇಲಿನ ಅಕ್ಷರಕ್ಕೆ ಅಂಟದೇ ಒಂಟಿಯಾಗಿ ನಿಂತಿರುತ್ತವೆ. ಕೊರೆಯುವಾಗ ಅವುಗಳ ಬುಡ ಸಣ್ಣಗಾದರೆ ಎರಡು ಮುದ್ರೆಗೆ ಮುರಿದುಹೋಗುತ್ತವೆ. ಬ್ಲೇಡಿನ ತುದಿ ಅಕ್ಷರದಿಂದ ಹೊರಗೆ ಹೋಗುವಂತೆ ವಾಲಿಸಿ ಕೊರೆದರೆ ಬುಡ ಅಗಲ ಉಳಿಯುತ್ತದೆ. ಅಕ್ಷರದ ಒಳಗಿನ ಬಯಲು ಇಂಕಿನಿಂದ ಮುಚ್ಚಿಹೋಗುತ್ತಿದ್ದರೆ ಅಕ್ಷರ ಚಿಕ್ಕದಾಯಿತು ಅಂತ ಅರ್ಥ. 12 ಮಿ.ಮೀ. ಎತ್ತರಕ್ಕಿಂತ ಕೆಳಗೆ ಶಾಲೆಯ ರಬ್ಬರಿನಲ್ಲಿ ಕನ್ನಡ ಕೊರೆಯುವುದು ಸುಮ್ನೆ ಶ್ರಮ.

ಪೂರ್ತಿ ಸಾಲು ಬೇಕೇ ಬೇಕು ಅಂದರೆ ಆಫೀಸ್ ಸೀಲ್ ಮಾಡಿಕೊಡುವ ಅಂಗಡಿಗೆ ಕೊಡಿ. ಮಾಡುವ ಮೊದಲು ಕಂಪ್ಯೂಟರ್ ಪರದೆಯ ಮೇಲೆ ಒತ್ತಕ್ಷರ ಸರಿ ಇದೆಯಾ ಅಂತ ನೀವೇ ಓದಿ. ಫಾಂಟ್ ಹೊಂದದೇ "ಕ್ರಿ" ಒಡೆದು ಬರುವುದುಂಟು. ಚಿತ್ರಗಳಿಗೆ ಮಾತ್ರ ಅಂಗಡಿಗೆ ಹೋಗಬೇಡಿ. ಕೈಯಲ್ಲಿ ಕೊರೆದ ಕುರಿಮರಿ ಸ್ವಲ್ಪ ಸೊಟ್ಟಗಿದ್ದರೇ ಚೆಂದ.

ಅಂಟಿಸಿದ ಕಡೆ ಉಬ್ಬು, ಸುಕ್ಕು

ಬಿಳಿ ಫೆವಿಕಾಲಿನಲ್ಲಿ ನೀರಿದೆ. ಕಾಗದ ಅದನ್ನು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ. ಮೈದಾ ಅಂಟು, ಅನ್ನದ ಗಂಜಿಗೂ ಇದೇ ಮಾತು. ಗಂಜಿಗೆ ಜಿರಳೆ ಕಾಟ ಬೇರೆ. ಚಪ್ಪಟೆ ಕಾಗದಗಳಿಗೆ ಗ್ಲೂ ಸ್ಟಿಕ್ ಅಥವಾ ಡಬಲ್ ಸೈಡ್ ಟೇಪ್ ಬಳಸಿ. ಫೆವಿಕಾಲೇ ಬೇಕಿದ್ದರೆ ತುಂಡು ಕಾರ್ಡಿನಿಂದ ಸವರಿ ತೆಳ್ಳಗೆ ಮಾಡಿ, ಅಂಚಿಗೆ ಮಾತ್ರ ಹಚ್ಚಿ, ಪುಸ್ತಕದ ಭಾರ ಇಡಿ. ಆಗಲೂ ಪುಟ ಬಿಲ್ಲಿನಂತೆ ಬಾಗಿದರೆ ಎರಡು ಕಾಗದಗಳ ಎಳೆ ಒಂದಕ್ಕೊಂದು ಅಡ್ಡ ಇವೆ. ಮೊದಲು ಹಾಕಿದ ಬಾಣದ ಗುರುತು ಈಗ ಕೆಲಸಕ್ಕೆ ಬರುತ್ತದೆ, ಎರಡನ್ನೂ ಒಂದೇ ದಿಕ್ಕಿಗೆ ಇಟ್ಟು ಅಂಟಿಸಿ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಹತ್ತಿಗೆ ಬರವಿಲ್ಲ. ಹಿಮ ಕಾಣಲೆಂದು ಕಾರ್ಡಿಗೆ ಹತ್ತಿ ಅಂಟಿಸುವುದು ಎಲ್ಲರಿಗೂ ಇಷ್ಟ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಜೋರಾಗಿ ಬಿಸಿಯಾಗುತ್ತದೆ. ಹೊಗೆ ಬರಬಹುದು, ಚರ್ಮ ಸುಡಬಹುದು. ಹತ್ತಿಗೆ ಫೆವಿಕಾಲ್ ಮಾತ್ರ. ಸೂಪರ್ ಗ್ಲೂ ಬಳಸುವಾಗ ಕೈಗೆ ಬಟ್ಟೆಯ ಗ್ಲೌಸ್ ಹಾಕಬೇಡಿ, ಚೆಲ್ಲಿದ್ದನ್ನು ಹತ್ತಿಯಿಂದಾಗಲಿ ಹತ್ತಿ ಬಟ್ಟೆಯಿಂದಾಗಲಿ ಒರೆಸಬೇಡಿ. ಬೆರಳು ಅಂಟಿಕೊಂಡರೆ ಎಳೆಯದೇ ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ. ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಲು ಹೋಗಬೇಡಿ. ಬೆಚ್ಚಗಿನ ನೀರು ಹಾಕುತ್ತಾ ಕೂಡಲೇ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಕಾರ್ಡ್ ತಲುಪಿತು, ಆದರೆ ಅವರಿಂದ ದುಡ್ಡು ಕೇಳಿದರಂತೆ

ಇದು ತೂಕದ ದೋಷ. ಸಾದಾ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ ಅಂಚೆಚೀಟಿ. ಅದು ದಾಟಿದರೆ ಮುಂದಿನ ಪ್ರತಿ 20 ಗ್ರಾಂಗೆ ಮತ್ತೆ 5. ಕಡಿಮೆ ಹಚ್ಚಿದ್ದರೆ ಕೊರತೆಯ ಎರಡರಷ್ಟನ್ನು ಪಡೆಯುವವರಿಂದ ವಸೂಲಿ ಮಾಡುತ್ತಾರೆ. ಹಬ್ಬದ ದಿನ ಅತ್ತೆಯ ಮನೆಗೆ ಇಂಥ ಕಾರ್ಡ್ ಹೋದರೆ ಚೆನ್ನಾಗಿರುತ್ತದೆಯಾ?

ತಕ್ಕಡಿ ಬೇಡ, ಲೆಕ್ಕ ಸಾಕು. ನಮ್ಮ ಪಟ್ಟಿ ಒಂದು ಎ4 ಹಾಳೆಯಷ್ಟೇ ಜಾಗದ್ದು, ಅಂದರೆ ಚದರ ಮೀಟರಿನ ಹದಿನಾರನೇ ಒಂದು ಭಾಗ. ಜಿಎಸ್‌ಎಂ ಅನ್ನು 16ರಿಂದ ಭಾಗಿಸಿದರೆ ಗ್ರಾಂ ಬಂತು. 200ಕ್ಕೆ 12.5, 250ಕ್ಕೆ 15.6, 300ಕ್ಕೆ 18.75 ಗ್ರಾಂ. ಅದಕ್ಕೆ ಕವರಿನ ಮೂರು ನಾಲ್ಕು ಗ್ರಾಂ ಸೇರಿಸಿ. 300ರ ಕಾರ್ಡ್ ಕವರಿನೊಳಗೆ ಹೋದ ಕೂಡಲೇ 20 ದಾಟಿತು. 250ರದ್ದು ಗಡಿಯಲ್ಲಿದೆ, ಮೇಲೆ ಒಂದು ಚಿತ್ರ ಅಂಟಿಸಿದರೆ ಅದೂ ದಾಟುತ್ತದೆ. ಅನುಮಾನವಿದ್ದರೆ ಅಂಚೆ ಕಚೇರಿಯ ಕೌಂಟರಿನಲ್ಲಿ ತೂಕ ಹಾಕಿಸಿ, ಆಮೇಲೆ ಚೀಟಿ ಹಚ್ಚಿ.

ಮೂಲೆ ಮುದುಡಿ ತಲುಪಿದರೆ ಕವರ್ ದೊಡ್ಡದಾಗಿತ್ತು, ಕಾರ್ಡ್ ಒಳಗೆ ಓಡಾಡಿದೆ. ಮಡಿಸಿದ ಕಾರ್ಡ್ 105 ಮಿ.ಮೀ., 148 ಮಿ.ಮೀ. ಇರುವುದರಿಂದ 114, 162 ಮಿ.ಮೀ. ಕವರ್ ಹದವಾಗಿ ಕೂರುತ್ತದೆ. ಮಣಿ, ಗುಂಡಿ, ಗಂಟೆ ಅಂಟಿಸಿದ ಕಾರ್ಡನ್ನು ಸಾದಾ ಅಂಚೆಗೆ ಹಾಕಬೇಡಿ. ಸೀಲ್ ಬೀಳುವಾಗ ಅವೇ ಕವರನ್ನು ಹರಿಯುತ್ತವೆ. ಅಂಥದ್ದನ್ನು ಕೈಯಾರೆ ಕೊಡಿ, ಇಲ್ಲವೇ ಎರಡು ಕಡೆ ರಟ್ಟು ಇಟ್ಟು ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ ಪೋಸ್ಟ್ ಕೇಳಿದರೂ ಈಗ ಸಿಗುವುದು ಅದೇ, 2025ರಲ್ಲಿ ಎರಡನ್ನೂ ಒಂದು ಮಾಡಿದ್ದಾರೆ. ವಿಳಾಸವನ್ನು ಬಾಲ್ ಪೆನ್ನಿನಲ್ಲೇ ಬರೆಯಿರಿ. ಜೆಲ್ ಪೆನ್ನಿನ ಪಿನ್‌ಕೋಡ್ ಮೇಲೆ ಒದ್ದೆ ಬೆರಳು ತಾಗಿದರೆ 3 ಯಾವುದು 8 ಯಾವುದು ಅಂತ ಪೋಸ್ಟ್‌ಮ್ಯಾನ್‌ಗೂ ತಿಳಿಯುವುದಿಲ್ಲ.